ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆಯಾಯಿತೇ?

ಪ್ರಶ್ನೆ: ಮಂಗನ ಕಾಯಿಲೆಯ ಅಧ್ಯಯನಕ್ಕೆ ಅಡಿಕೆ ತೋಟದ ಕೆಲಸದವರಿಂದ ತಲಾ 5 ಮಿ.ಲೀ. ರಕ್ತ ಪಡೆಯಬೇಕಿದೆ. ಹಲವರಿಗೆ ಓದಲು ಬಾರದು. ‘ನಾನು ಹೇಳಿದರೆ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ’ ಎನ್ನುತ್ತಾರೆ ತೋಟದ ಯಜಮಾನರು. ಅಷ್ಟು ಸಾಕೇ?
– ಸಂಶೋಧನಾ ವಿದ್ಯಾರ್ಥಿನಿ, ಸಾಗರ

ಉತ್ತರ: ಸಾಲದು. ತೋಟದೊಳಗೆ ಕಾಲಿಡಲು ಯಜಮಾನರ ಅನುಮತಿ ಬೇಕು, ನಿಜ. ಕೆಲಸದವರ ರಕ್ತಕ್ಕೆ ಒಪ್ಪಿಗೆ ಕೊಡುವ ಹಕ್ಕು ಅವರಿಗಿಲ್ಲ. ಕೂಲಿ ಕೊಡುವವರು ಎದುರಿಗೇ ನಿಂತಿದ್ದರೆ ‘ಬೇಡ’ ಎನ್ನುವ ಧೈರ್ಯ ಯಾರಿಗೆ ಬಂದೀತು? ಕೆಲಸ ಮುಗಿದ ಮೇಲೆ ಅವರವರ ಮನೆಯಲ್ಲೇ ಮಾತಾಡಿ. ಮನೆಯವರನ್ನು ಕೇಳಿ ಯೋಚಿಸಲು ಒಂದು ದಿನವಾದರೂ ಬಿಡಿ.

ಓದಲು ಬಾರದವರ ಪರವಾಗಿ ಸಾಕ್ಷಿಯೊಬ್ಬರು ಇರಲೇಬೇಕು. ಅವರು ನಿಮ್ಮ ತಂಡದವರೂ ಆಗಿರಬಾರದು, ತೋಟದ ಕಡೆಯವರೂ ಆಗಿರಬಾರದು. ಮಾಹಿತಿ ಪತ್ರ ಓದಲು ಶುರು ಮಾಡಿದಾಗಿನಿಂದ ಹೆಬ್ಬೆಟ್ಟು ಬೀಳುವ ತನಕ ಅಲ್ಲೇ ಕೂತಿದ್ದು, ತಾರೀಖು ಹಾಕಿ ಸಹಿ ಮಾಡಬೇಕು. ಬೆಳಿಗ್ಗೆ ಹೆಬ್ಬೆಟ್ಟುಗಳನ್ನೆಲ್ಲ ಒತ್ತಿಸಿಕೊಂಡು, ಸಂಜೆ ಒಟ್ಟಿಗೆ ಸಾಕ್ಷಿ ಸಹಿ ಹಾಕಿಸಿದ ಪತ್ರಗಳಿಗೆ ಕವಡೆ ಕಾಸಿನ ಬೆಲೆಯೂ ಇಲ್ಲ.

ಪತ್ರದಲ್ಲಿ ‘ಸೀರೋಪ್ರಿವಲೆನ್ಸ್’ (ರಕ್ತ ಪರೀಕ್ಷೆಯಲ್ಲಿ ಎಷ್ಟು ಜನರಿಗೆ ಸೋಂಕು ತಗುಲಿದ ಗುರುತು ಸಿಗುತ್ತದೆ ಎಂಬ ಲೆಕ್ಕ) ಎಂದಿದ್ದರೆ ಹೊಡೆದುಹಾಕಿ. ‘ಮಂಗನ ಕಾಯಿಲೆ ನಿಮಗೆ ಹಿಂದೆ ಬಂದಿತ್ತೇ ಎಂದು ನೋಡುತ್ತೇವೆ. ಒಂದು ಟೀ ಚಮಚದಷ್ಟು ರಕ್ತ ತೆಗೆಯುತ್ತೇವೆ. ಸೂಜಿ ಚುಚ್ಚಿದಲ್ಲಿ ನೋವಾಗಬಹುದು, ಕಪ್ಪುಗಟ್ಟಬಹುದು’ ಎಂದು ಬರೆಯಿರಿ. ಈ ಕನ್ನಡ ಪತ್ರಕ್ಕೂ ಎಥಿಕ್ಸ್ ಕಮಿಟಿಯ (ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ) ಒಪ್ಪಿಗೆ ಮೊದಲೇ ಸಿಕ್ಕಿರಬೇಕು.

‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ನಾವು ಏನು ಮಾಡ್ತೀವಿ, ನೀವು ಬೇಡ ಅಂದ್ರೆ ಏನಾಗುತ್ತೆ, ಹೇಳಿ ನೋಡೋಣ ಅಮ್ಮ’ ಎಂದು ಕೇಳಿ. ‘ರಕ್ತ ನೋಡಿ ಔಷಧಿ ಕೊಡ್ತೀರಿ’ ಎಂದರೋ, ಅವರು ಇದನ್ನು ಚಿಕಿತ್ಸೆ ಎಂದುಕೊಂಡಿದ್ದಾರೆ, ಮೊದಲಿನಿಂದ ವಿವರಿಸಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ರೋಗ ಪತ್ತೆಯಾದ ಮೇಲೆ ಆಸ್ಪತ್ರೆಯವರೂ ಸಂಶೋಧಕರೂ ಈ ಸೀಮೆಯ ಊರುಗಳಿಗೆ ಸೂಜಿ ಹಿಡಿದು ಬಂದಿದ್ದಾರೆ. ಯಾರು ಯಾವುದಕ್ಕೆ ಬಂದರೆಂದು ಜನರಿಗೆ ಗೊಂದಲವಾಗುವುದು ಸಹಜ.

ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುವುದಾದರೆ ಅದನ್ನು ಬೇರೆಯಾಗಿಯೇ ಕೇಳಿ. ಇವತ್ತಿನ ಪರೀಕ್ಷೆಗೆ ಹೂಂ ಎಂದವರು ಇದಕ್ಕೆ ಬೇಡ ಎನ್ನಬಹುದು. ಪತ್ರದ ಒಂದು ಪ್ರತಿ ಅವರ ಕೈಯಲ್ಲೇ ಉಳಿಯಲಿ.

ಪ್ರಶ್ನೆ: ಇಂಥ ಸಂಶೋಧನೆಗೆ ಹದಿನೈದರ ಹುಡುಗನ ಪರವಾಗಿ ಅಪ್ಪನ ಸಹಿ ಸಾಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಪ್ಪನ ಸಹಿಯ ಜೊತೆ ಹುಡುಗನ ಸಮ್ಮತಿಯೂ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ 12 ತುಂಬಿದವರದ್ದು ಬರಹದಲ್ಲಿರಬೇಕು. 7ರಿಂದ 11ರವರೆಗಿನವರು ಬಾಯಿಮಾತಿನಲ್ಲಿ ಹೇಳಿದರಾಯಿತು. ಅಪ್ಪ ಒಪ್ಪಿ ಹುಡುಗ ಕೈ ಹಿಂದೆಳೆದುಕೊಂಡರೆ ಸೂಜಿಯನ್ನು ಚೀಲದೊಳಗಿಡಿ.