ಮಿಲಿಟರಿ ಹರಾಜಿನ ಜಿಪ್ಸಿ: ಮುಂದಿನ ಆಕ್ಸಲ್ ಬೂಟ್ ಕುಯ್ದು ಹಾಕಿಸಬಹುದಾ, ಪೂರ್ತಿ ಬಿಚ್ಚಿಸಲೇಬೇಕಾ?

ಹರಾಜಿನ ಮಾರುತಿ ಜಿಪ್ಸಿಯ ಮುಂದಿನ ಚಕ್ರದ ಹತ್ತಿರ ಸೋರುತ್ತಿದೆ, ಬೂಟ್, ಅಂದರೆ ಅಲ್ಲಿನ ರಬ್ಬರ್ ಸೀಲ್, ಕುಯ್ದು ಹಾಕಿಸಬಹುದಾ ಅಂತ ಕೇಳಿದ್ದೀರಿ. ಚಕ್ರದ ಒಳಬದಿಯಲ್ಲಿ, ಆಕ್ಸಲ್ ತುದಿಯ ಆ ದೊಡ್ಡ ಗುಂಡಿನ ಕೆಳಗೆ ಕಪ್ಪಗೆ ತೊಟ್ಟಿಕ್ಕುವುದು, "ಚಕ್ರ ಬಿಚ್ಚೋದೇ ಬೇಡ ಸಾರ್, ರಬ್ಬರ್ ಒಂದ್ಕಡೆ ಕುಯ್ದು ತೂರಿಸಿಬಿಡ್ತೀನಿ" ಅಂತ ಮೆಕ್ಯಾನಿಕ್ ಹೇಳುವುದು, ಎರಡನ್ನೂ ನಾನು ಕಂಡಿದ್ದೇನೆ. ನನ್ನದೂ ಸೇನೆಯ ಹರಾಜಿನಿಂದ ಕೈ ಬದಲಾಯಿಸಿಕೊಂಡು ಬಂದ 1300 ಸಿಸಿ ಜಿಪ್ಸಿ. ಸಕಲೇಶಪುರದ ಕಡೆ ತೋಟಕ್ಕೆ ಓಡಾಡಲು ತಗೊಂಡಿದ್ದು.

ನಾನು ಕುಯ್ಯಿಸಲಿಲ್ಲ. ಸೀಲ್ ಕಿಟ್ ತರಿಸಿ, ಸ್ಟಿಯರಿಂಗಿನ ಟೈ ರಾಡ್ ಕಳಚಿ, ನಕಲ್ (ಚಕ್ರ ಕೂರುವ, ಸ್ಟಿಯರಿಂಗ್ ಜೊತೆ ತಿರುಗುವ ಗೂಡು) ತಿರುಗುವ ಗೂಟವಾದ ಕಿಂಗ್‌ಪಿನ್ ತೆಗೆದು, ಆ ನಕಲ್ ಇಡಿಯಾಗಿ ಹೊರಗೆಳೆಸಿ ಹೊಸ ಫೆಲ್ಟ್ (ಒತ್ತಿದ ಉಣ್ಣೆಯಂಥ ಪಟ್ಟಿ), ಹೊಸ ರಬ್ಬರ್, ಹೊಸ ಗ್ರೀಸ್ ಹಾಕಿಸಿದೆ. ಆ ಮಳೆಗಾಲ ಮುಗಿಯುವುದರೊಳಗೆ ಮತ್ತೆ ಸೋರಿತು.

ಯಾಕೆ ಅನ್ನುವುದು ಪೂರ್ತಿ ಅರ್ಥವಾಗಬೇಕು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಕಾರುಗಳಲ್ಲಿರುವ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಜಿಪ್ಸಿಯ ಮುಂದಿನ ಆಕ್ಸಲ್‌ನಲ್ಲಿ ಇಲ್ಲ. ಇದು ಸುಜುಕಿಯ ಹಳೆಯ ಎಸ್‌ಜೆ ಸರಣಿಯ ಗಟ್ಟಿ ಆಕ್ಸಲ್. ತುದಿಯಲ್ಲಿ ಗುಂಡು, ಅದರ ಮೇಲೆ ತಿರುಗುವ ನಕಲ್, ಒಳಗೆ ಗ್ರೀಸಿನಲ್ಲಿ ಮುಳುಗಿರುವ ಬರ್ಫೀಲ್ಡ್ ಜಾಯಿಂಟ್, ಅಂದರೆ ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಅದಕ್ಕೆ ಓಟ ಮುಟ್ಟಿಸುವ ಕೀಲು. ನೀವು ಬೂಟ್ ಅನ್ನುತ್ತಿರುವುದು ಗುಂಡನ್ನು ಒರೆಸುತ್ತಾ ಕೂರುವ ಫೆಲ್ಟ್ ಮತ್ತು ರಬ್ಬರ್ ಸೀಲ್. ತಗಡಿನ ರಿಟೈನರ್ ಅದನ್ನು ಬೋಲ್ಟ್‌ಗಳಿಂದ ಒತ್ತಿ ಹಿಡಿದಿರುತ್ತದೆ. ಅದರ ಕೆಲಸ ಹೊರಗಿನ ಕೆಸರು ಒಳಗೆ ಹೋಗದಂತೆ, ಒಳಗಿನ ಗ್ರೀಸ್ ಹೊರಗೆ ಬರದಂತೆ ತಡೆಯುವುದು. ಗ್ರೀಸ್ ಮಂದ, ಹರಿಯುವುದಿಲ್ಲ. ಹರಿಯುವುದು ಡಿಫರೆನ್ಷಿಯಲ್‌ನ (ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಓಟ ಹಂಚುವ ಗೇರುಗಳು) ಗೇರ್ ಆಯಿಲ್. ಅದು ನಕಲ್‌ಗೆ ಬರದ ಹಾಗೆ ಆಕ್ಸಲ್ ಕೊಳವೆಯ ತುದಿಯಲ್ಲಿ, ಶಾಫ್ಟ್ ಸುತ್ತ, ಇನ್ನೊಂದು ಸಣ್ಣ ಆಯಿಲ್ ಸೀಲ್ ಇದೆ. ಹೊರಗಿನಿಂದ ಕಾಣುವುದೇ ಇಲ್ಲ.

ನಕಲ್ ಬಿಚ್ಚಿದ್ದಾಗ ಅದು ಕಣ್ಣೆದುರಿಗೇ ಇತ್ತು. ಶಾಫ್ಟ್ ಹೊರಗಿತ್ತು, ಹಳೇ ಸೀಲ್ ಮೀಟಿ ತೆಗೆದು ಹೊಸದನ್ನು ಬಡಿದು ಕೂರಿಸಿದ್ದರೆ ಮುಗಿಯುತ್ತಿತ್ತು. ಸೀಲಿನ ತುಟಿ, ಅಂದರೆ ಶಾಫ್ಟಿಗೆ ತಾಗುವ ರಬ್ಬರ್ ಅಂಚು, ಹರಿದಿಲ್ಲವಲ್ಲ ಅಂತ ಹಾಗೇ ಬಿಟ್ಟೆ. ಹರಿದಿರಬೇಕಿಲ್ಲ, ವಯಸ್ಸಾದ ರಬ್ಬರ್ ಗಟ್ಟಿಯಾದರೆ ಸಾಕು, ಶಾಫ್ಟ್ ತಿರುಗುವಾಗ ಅದರ ಜೊತೆ ಬಾಗುವುದಿಲ್ಲ, ಎಣ್ಣೆ ಜಿನುಗುತ್ತದೆ. ಜಿನುಗಿದ ಎಣ್ಣೆ ಹೊಸ ಗ್ರೀಸನ್ನು ಗಂಜಿಯ ಹಾಗೆ ತೆಳ್ಳಗೆ ಮಾಡಿತು. ತೆಳ್ಳಗಾದದ್ದನ್ನು ಹೊರಗಿನ ಸೀಲ್ ಎಷ್ಟೇ ಹೊಸದಿದ್ದರೂ ಹಿಡಿಯಲಾರದು.

ಜೊತೆಗೆ ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಗಾಳಿ ಆಡುವ ಸಣ್ಣ ತೂತು, ಮಣ್ಣು ತುಂಬಿ ಕಟ್ಟಿಹೋಗಿತ್ತು. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಸೀಲ್ ಕಡೆಗೆ ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಗಾಳಿ ಕುಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಸೀಲುಗಳ ಸಂದಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ತೋಟದ ದಾರಿಯಲ್ಲಿ ಹಳ್ಳ ದಾಟದೆ ಗತಿಯಿಲ್ಲ. ಎರಡನೇ ಸಲ ಬಿಚ್ಚಿಸಿದಾಗ ಗ್ರೀಸ್ ನೀರು ಬೆರೆತು ಬೆಳ್ಳಗೆ ಒಡೆದಿತ್ತು, ಜಾಯಿಂಟಿನ ಗುಂಡುಗಳು ಓಡುವ ದಾರಿಯಲ್ಲಿ ತುಕ್ಕಿನ ಕುಳಿ ಬಿದ್ದಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟಕ್ ಟಕ್ ಅನ್ನುತ್ತಿದ್ದದ್ದು ಅದೇ. ಅತ್ತ ಡಿಫರೆನ್ಷಿಯಲ್‌ನಲ್ಲಿ ಎಣ್ಣೆ ಇಳಿದು ಅದರೊಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್, ಕೂಗಲು ಶುರುವಾಗಿತ್ತು. ಒಂದು ಸಣ್ಣ ಸೀಲಿನ ದುಡ್ಡು ಉಳಿಸಿದ್ದಕ್ಕೆ ಒಂದು ಜಾಯಿಂಟ್, ಒಂದು ಕ್ರೌನ್ ಪಿನಿಯನ್ ಸೆಟ್ ತೆತ್ತೆ.

ಹಾಗಾಗಿ ಕುಯ್ಯಬೇಕಾ ಬೇಡವಾ ಅನ್ನುವುದನ್ನು ಪಕ್ಕಕ್ಕಿಡಿ. ಮೊದಲು ತೊಟ್ಟಿಕ್ಕುವುದನ್ನು ಬೆರಳಿಗೆ ತಗೊಂಡು ಉಜ್ಜಿ, ಮೂಸಿ. ಮಂದವಾಗಿ ಮುದ್ದೆಯಾಗಿದ್ದರೆ ಬರೀ ಗ್ರೀಸ್, ಹೊರಗಿನ ಸೀಲ್ ಹೋಗಿದೆ. ತೆಳ್ಳಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್. ಆಗ ಕುಯ್ದು ತೂರಿಸುವುದು ದುಡ್ಡು ದಂಡ, ಯಾಕೆಂದರೆ ಒಳಗಿನ ಸೀಲ್ ಮುಟ್ಟಬೇಕಾದರೆ ಶಾಫ್ಟ್ ಹೊರಗೆ ಬರಲೇಬೇಕು. ನನ್ನ ಕೇಳಿದರೆ, ಸೇನೆಯಲ್ಲಿ ದುಡಿದು ಎಷ್ಟೋ ಕಾಲ ಯಾರ್ಡಿನಲ್ಲಿ ನಿಂತ ಗಾಡಿಗೆ ಮೂಸಿ ನೋಡದೆಯೂ ಎರಡೂ ಬದಿ ಪೂರ್ತಿ ಬಿಚ್ಚಿಸಬೇಕು. ಕುಯ್ದ ರಬ್ಬರನ್ನು ಊರು ಸೇರುವ ತನಕ ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚಿಗೆ ಇಲ್ಲ.

ಬಿಚ್ಚಿಸುವ ದಿನ ಪಕ್ಕದಲ್ಲೇ ನಿಂತಿರಿ. ಮೇಲಿನ ಕೆಳಗಿನ ಕಿಂಗ್‌ಪಿನ್, ಅದರ ಶಿಮ್ (ಸಂದಿ ಸರಿ ಮಾಡುವ ತೆಳು ತಗಡು) ಅದಲು ಬದಲಾಗಬಾರದು. ಕಿಂಗ್‌ಪಿನ್ ಬೇರಿಂಗ್ ಸಡಿಲ ಕೂತರೆ ವೇಗ ಹಿಡಿದಾಗ ಸ್ಟಿಯರಿಂಗ್ ಗಡಗಡ ನಡುಗುತ್ತದೆ. ಬೇರಿಂಗ್ ಸವೆದಿದ್ದರೆ ಈಗಲೇ ಹಾಕಿಸಿ, ಎರಡನೇ ಸಲ ಬಿಚ್ಚುವ ಕೂಲಿ ಉಳಿಯುತ್ತದೆ. ಗುಂಡಿನ ಮೇಲೆ ತುಕ್ಕಿದ್ದರೆ ನಯವಾದ ಎಮರಿ ಪೇಪರಿನಲ್ಲಿ ತಿಕ್ಕಿಸಿ. ಕುಳಿ ಆಳವಿದ್ದರೆ ಎಪಾಕ್ಸಿ ತುಂಬಿ ಉಜ್ಜಿಸಿ, ಇಲ್ಲದಿದ್ದರೆ ಅದೇ ಕುಳಿ ಹೊಸ ರಬ್ಬರನ್ನು ಕೊರೆಯುತ್ತದೆ. ಫೆಲ್ಟ್ ಒಣಗಿದ್ದು ಹಾಕಬೇಡಿ, ಎಣ್ಣೆಯಲ್ಲಿ ನೆನೆಸಿ. ಶಾಫ್ಟ್ ವಾಪಸ್ ತೂರಿಸುವಾಗ ಅದರ ಭಾರ ಹೊಸ ಸೀಲ್ ಮೇಲೆ ಬೀಳದಂತೆ ಕೈಯಲ್ಲಿ ಎತ್ತಿ ಹಿಡಿಯಬೇಕು. ಶಾಫ್ಟ್ ತುದಿಯ ಸ್ಪ್ಲೈನಿನ ಹಲ್ಲು ಒಂದು ಸಲ ತಾಗಿದರೂ ತುಟಿ ಹರಿಯಬಹುದು. ಇದನ್ನು ಮೆಕ್ಯಾನಿಕ್‌ಗೆ ಬಾಯಿ ಬಿಟ್ಟು ಹೇಳಿ, ಬೇಜಾರಾದರೆ ಆಗಲಿ.

ಬ್ರೀದರ್ ತೆಗೆದು ಊದಿ ನೋಡಿ. ನಾನು ಅಲ್ಲಿಂದ ರಬ್ಬರ್ ಪೈಪ್ ಎಳೆದು ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿಸಿದ್ದೇನೆ, ಹಳ್ಳ ದಾಟಿದ ಮೇಲೂ ಗ್ರೀಸ್ ಕಪ್ಪಗೇ ಇದೆ, ನೀರು ಬೆರೆತು ಬೆಳ್ಳಗಾಗಿಲ್ಲ. ಮೆಕ್ಯಾನಿಕ್ ಬಳಿ ಹೋಗುವ ತನಕ ಗಾಡಿ ಓಡಿಸಲೇಬೇಕಿದ್ದರೆ, ಇವತ್ತೇ ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆ ತುಂಬುವ ತೂತಿನ ಫಿಲ್ಲರ್ ಬೋಲ್ಟ್ ತೆಗೆದು ಬೆರಳು ಹಾಕಿ ನೋಡಿ. ಎಣ್ಣೆ ತೂತಿನ ಅಂಚಿನವರೆಗೆ ಇಲ್ಲದಿದ್ದರೆ ಮೊದಲು ಅದನ್ನು ತುಂಬಿಸಿ, ಆಮೇಲೆ ಕೀ ತಿರುಗಿಸಿ.