ಗಾಳಿ ಜೋರಾದಾಗ ಐಓಎಂ ದೋಣಿ ತಾನೇ ಗಾಳಿಗೆ ಮೂತಿ ತಿರುಗಿಸುತ್ತದೆ, ಹೊಸ ಹಾಯಿ ಕೊಳ್ಳಬೇಕೆ?

ನಿಮ್ಮ ಪ್ರಶ್ನೆ ಹೀಗಿದೆ: ಇಂಗ್ಲೆಂಡಿನಲ್ಲಿದ್ದೀರಿ, ಸೆಕೆಂಡ್ ಹ್ಯಾಂಡ್ ಐಓಎಂ (ಇಂಟರ್‌ನ್ಯಾಷನಲ್ ಒನ್ ಮೀಟರ್, ದಡದಿಂದ ರೇಡಿಯೋ ರಿಮೋಟಿನಲ್ಲಿ ಓಡಿಸುವ ಮಾದರಿ ಹಾಯಿದೋಣಿ) ಕೊಂಡು ಕೆರೆಯಲ್ಲಿ ಕ್ಲಬ್ ರೇಸಿಗೆ ಇಳಿದಿದ್ದೀರಿ. ಗಾಳಿ ಜೋರಾಗಿ ಬಂದಾಗ ದೋಣಿ ಅಡ್ಡ ವಾಲುತ್ತದೆ, ಚುಕ್ಕಾಣಿ ಪೂರ್ತಿ ತಿರುಗಿಸಿದರೂ ಕೇಳದೆ ಗಾಳಿಗೆ ಮುಖ ಮಾಡಿ ನಿಂತುಬಿಡುತ್ತದೆ. ಮೊದಲ ಬೋಯಿ (ದಾರಿ ತೋರುವ ತೇಲುಗುರುತು) ಸುತ್ತುವಷ್ಟರಲ್ಲಿ ಕೊನೆಯವರಾಗಿರುತ್ತೀರಿ, ದೂರದ ಬೋಯಿಗೆ ತಾಗಿಸುತ್ತಲೂ ಇದ್ದೀರಿ. ನಿಮ್ಮಲ್ಲಿರುವುದು ಎ ರಿಗ್, ಅಂದರೆ ಕಂಬ ಮತ್ತು ಹಾಯಿಗಳ ಅತಿ ದೊಡ್ಡ ಜೋಡಣೆ, ಒಂದೇ. ಹೊಸ ಎ ಹಾಯಿಗಳನ್ನು ಕೊಳ್ಳಿ ಎಂದು ಯಾರೋ ಹೇಳಿದ್ದಾರೆ.

ಈಗ ಕೊಳ್ಳಬೇಡಿ. ನೀವು ಹೇಳಿದ ತೊಂದರೆ ಹೊಸ ಹಾಯಿ ಹಾಕಿದರೂ ಹಾಗೇ ಇರುತ್ತದೆ.

ಮೊದಲು ಚುಕ್ಕಾಣಿ ನಿಜಕ್ಕೂ ತಿರುಗುತ್ತಿದೆಯೇ ನೋಡಿ. ಹಳೆಯ ದೋಣಿಗಳಲ್ಲಿ ಚುಕ್ಕಾಣಿಯ ದಂಡಿಗೆ ಟಿಲ್ಲರ್ ತೋಳನ್ನು ಹಿಡಿಸಿರುವ ಸಣ್ಣ ಗ್ರಬ್ ಸ್ಕ್ರೂ ಸಡಿಲವಾಗಿರುತ್ತದೆ. ದಡದಲ್ಲಿ ಟ್ರಾನ್ಸ್‌ಮಿಟರಿನ (ಕೈಯಲ್ಲಿ ಹಿಡಿಯುವ ರಿಮೋಟಿನ) ಕಡ್ಡಿ ಆಡಿಸಿದರೆ ಎಲ್ಲ ಸರಿ ಕಾಣುತ್ತದೆ, ನೀರಿನ ಒತ್ತಡ ಬಿದ್ದೊಡನೆ ತೋಳು ದಂಡಿಯ ಮೇಲೆ ಜಾರುತ್ತದೆ. ಚುಕ್ಕಾಣಿಯ ಅಲಗನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು ಟ್ರಾನ್ಸ್‌ಮಿಟರಿನ ಕಡ್ಡಿ ತಳ್ಳಿ. ಸರ್ವೋ (ಚುಕ್ಕಾಣಿ ತಿರುಗಿಸುವ ಸಣ್ಣ ಮೋಟಾರು) ತಿರುಗಿ ಅಲಗು ನಿಂತಲ್ಲೇ ನಿಂತರೆ ಜಾರುತ್ತಿದೆ ಎಂದೇ ಲೆಕ್ಕ. ಸ್ಕ್ರೂ ಕೂರುವ ಜಾಗದಲ್ಲಿ ದಂಡಿಯನ್ನು ಅರದಿಂದ ಚಪ್ಪಟೆ ಮಾಡಿ, ಸ್ಕ್ರೂಗೆ ಒಂದು ಹನಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿಯಿರಿ. ಜೊತೆಗೆ ಬ್ಯಾಟರಿಯನ್ನೂ ನೋಡಿ. ಜೋರುಗಾಳಿಯಲ್ಲಿ ಹಾಯಿ ಎಳೆಯಲು ವಿಂಚ್ ಮೋಟಾರು ಹೆಚ್ಚು ಕರೆಂಟ್ ಹೀರುತ್ತದೆ. ಹಳೆಯ ಬ್ಯಾಟರಿಯಾದರೆ ಆಗ ವೋಲ್ಟೇಜ್ ಕುಸಿದು ಚುಕ್ಕಾಣಿಯ ಸರ್ವೋ ನಿಧಾನವಾಗುತ್ತದೆ.

ಇವೆರಡೂ ಸರಿ ಇದ್ದರೆ ಕಾರಣ ವಾಲುವಿಕೆ. ದೋಣಿ ನೆಟ್ಟಗಿರುವಾಗ ಹಾಯಿಯ ಎಳೆತ ದೋಣಿಯ ಒಡಲಿನ ಮೇಲೇ ಇರುತ್ತದೆ. ವಾಲಿದಾಗ ಹಾಯಿ ಒಡಲಿನಿಂದ ಹೊರಗೆ ನೀರಿನ ಮೇಲೆ ಚಾಚಿಕೊಳ್ಳುತ್ತದೆ. ಎಳೆತ ಆ ಬದಿಗೆ, ಪ್ರತಿರೋಧ ಈ ಬದಿಗೆ, ಹಾಗಾಗಿ ಮೂತಿ ಗಾಳಿಯತ್ತ ತಿರುಗಲೇಬೇಕು. ಅದೇ ಹೊತ್ತಿಗೆ ಚುಕ್ಕಾಣಿಯೂ ಓರೆಯಾಗಿ ಅದರ ಮೇಲ್ಭಾಗ ನೀರಿನಿಂದ ಹೊರಬರುತ್ತದೆ. ಆಗ ನೀವು ಪೂರ್ತಿ ತಿರುಗಿಸಿದ ಚುಕ್ಕಾಣಿ ದೋಣಿಯನ್ನು ತಿರುಗಿಸುವುದಿಲ್ಲ, ಬ್ರೇಕ್ ಹಾಕುತ್ತದೆ ಅಷ್ಟೇ. ವಾಲುವುದನ್ನು ಕಡಿಮೆ ಮಾಡಿದರೆ ಚುಕ್ಕಾಣಿಯ ಮಾತು ದೋಣಿ ಕೇಳುತ್ತದೆ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಕಿಕ್ಕರ್. ಮಾಸ್ಟಿನ (ಹಾಯಿಕಂಬದ) ಬುಡದ ಹತ್ತಿರ ಬೂಮನ್ನು (ಹಾಯಿಯ ಕೆಳಗಿನ ಅಡ್ಡಕೋಲನ್ನು) ಕೆಳಕ್ಕೆ ಎಳೆದು ಹಿಡಿಯುವ ಸಣ್ಣ ತಿರುಪು ಅದು. ಹೊಸಬರ ದೋಣಿಗಳಲ್ಲಿ ಇದು ಸಾಮಾನ್ಯವಾಗಿ ವಿಪರೀತ ಬಿಗಿಯಾಗಿರುತ್ತದೆ. ಬಿಗಿಯಾಗಿದ್ದರೆ ದೊಡ್ಡ ಹಾಯಿಯ ಹಿಂಬದಿಯ ಅಂಚು ತುದಿಯವರೆಗೂ ಸೆಟೆದು ನಿಲ್ಲುತ್ತದೆ, ಬಂದ ಗಾಳಿಯನ್ನೆಲ್ಲ ತಡೆದು ದೋಣಿಯನ್ನು ಕೆಡವುತ್ತದೆ. ಸಡಿಲಿಸಿದರೆ ಗಾಳಿ ಹೊಡೆದಾಗ ಹಾಯಿಯ ತುದಿ ತಿರುಚಿಕೊಂಡು ಹೆಚ್ಚುವರಿ ಗಾಳಿಯನ್ನು ಚೆಲ್ಲುತ್ತದೆ. ಅಳತೆ ನೋಡುವುದು ಹೀಗೆ: ಅವತ್ತಿನ ಗಾಳಿಯಲ್ಲೇ, ದಡದ ಮೇಲೆ, ಗಾಳಿಗೆದುರು ಓಡುವ ಕೋನದಲ್ಲಿ ದೋಣಿಯ ಒಡಲನ್ನು ಕೈಯಲ್ಲಿ ಹಿಡಿಯಿರಿ. ಹಾಯಿ ಪೂರ್ತಿ ಒಳಗೆಳೆದಿರಲಿ. ಹಿಂದಿನಿಂದ ಬೂಮಿನ ನೇರಕ್ಕೆ ಒಂದು ಕಣ್ಣು ಮುಚ್ಚಿ ಮೇಲಕ್ಕೆ ನೋಡಿ. ಹಾಯಿಯ ಎಲ್ಲಕ್ಕಿಂತ ಮೇಲಿನ ಬ್ಯಾಟನ್ (ಹಿಂಬದಿಯ ಅಂಚನ್ನು ಸೆಟೆದಿಡುವ ಗಟ್ಟಿ ಪಟ್ಟಿ) ಬೂಮಿಗೆ ಸಮಾನಾಂತರವಾಗಿದ್ದರೆ ಸಾಧಾರಣ ಗಾಳಿಗೆ ಸರಿ. ಬ್ಯಾಟನ್ನಿನ ಹಿಂತುದಿ ಬೂಮನ್ನು ದಾಟಿ ಗಾಳಿ ಬರುವ ಕಡೆಗೆ ಬಾಗಿದ್ದರೆ ಕಿಕ್ಕರ್ ಅರ್ಧ ಸುತ್ತು ಬಿಡಿ, ಮತ್ತೆ ನೋಡಿ. ಜೋರುಗಾಳಿಯ ದಿನ ಹಿಂತುದಿ ಬೂಮಿಗಿಂತ ಸ್ಪಷ್ಟವಾಗಿ ಹೊರಗೆ ತೆರೆದಿರಬೇಕು. ಮುಂದಿನ ಜಿಬ್ ಹಾಯಿಗೆ ಇದೇ ಕೆಲಸ ಮಾಡುವುದು ಟಾಪಿಂಗ್ ಲಿಫ್ಟ್ ದಾರ. ಎರಡೂ ಹಾಯಿಗಳ ತಿರುಚು ಒಂದಕ್ಕೊಂದು ಹೊಂದಿರಬೇಕು, ಜಿಬ್ಬಿನದು ಸ್ವಲ್ಪ ಹೆಚ್ಚಿದ್ದರೂ ತೊಂದರೆಯಿಲ್ಲ.

ಆಮೇಲೆ ಶೀಟ್, ಅಂದರೆ ಹಾಯಿಯನ್ನು ಒಳಗೆಳೆಯುವ, ಹೊರಬಿಡುವ ದಾರ. ಪೂರ್ತಿ ಒಳಗೆಳೆದಾಗ ದೊಡ್ಡ ಬೂಮಿನ ತುದಿ ದೋಣಿಯ ನಡುಗೆರೆಯಿಂದ ಸುಮಾರು 10 ಮಿ.ಮೀ. ಆಚೆ ನಿಲ್ಲಬೇಕು, ಜಿಬ್ ಬೂಮಿನ ತುದಿ ಸುಮಾರು 45ರಿಂದ 50 ಮಿ.ಮೀ. ಇವು ಶುರುವಿನ ಅಳತೆಗಳು, ಮುಂದೆ ನಿಮ್ಮ ದೋಣಿಯೇ ಹೇಳುತ್ತದೆ. ವಿಂಚ್ ಬೂಮನ್ನು ನಡುಗೆರೆಗೇ ಎಳೆದುಬಿಡುವುದು ತುಂಬ ಕಾಣುವ ತಪ್ಪು. ಟ್ರಾನ್ಸ್‌ಮಿಟರಿನಲ್ಲಿ ಎಂಡ್ ಪಾಯಿಂಟ್ (ವಿಂಚ್ ಎಲ್ಲಿಯವರೆಗೆ ಎಳೆಯಬೇಕೆಂಬ ಮಿತಿ) ತಗ್ಗಿಸಿ ಅದನ್ನು ಸರಿಪಡಿಸಿ. ಹೊಸ ದಾರ ಹಾಕಿದ ವಾರದಲ್ಲಂತೂ ಗಂಟು ಜಾರಿ ಅಳತೆ ಬದಲಾಗುತ್ತದೆ, ಪ್ರತಿ ರೇಸಿಗೆ ಮುಂಚೆ ಸ್ಕೇಲ್ ಇಟ್ಟು ನೋಡಿ. ಗಾಳಿ ಹೊಡೆತ ಬರುವುದು ನೀರಿನ ಮೇಲೆ ಕಪ್ಪು ಮಚ್ಚೆಯಾಗಿ ಮೊದಲೇ ಕಾಣುತ್ತದೆ. ಅದು ದೋಣಿಗೆ ತಗಲುವ ಮುಂಚೆಯೇ ಶೀಟ್ ಕಡ್ಡಿಯನ್ನು ಒಂದೆರಡು ಕ್ಲಿಕ್ ಬಿಡಿ. ವಾಲಿದ ಮೇಲೆ ಬಿಟ್ಟರೆ ತಡವಾಯಿತು.

ಇಷ್ಟಾದರೂ ಮೂತಿ ತಿರುಗುವುದು ನಿಲ್ಲದಿದ್ದರೆ ಮಾಸ್ಟ್ ಹೆಚ್ಚು ಹಿಂದಕ್ಕೆ ವಾಲಿರಬಹುದು. ಗಾಳಿಪಟದ ಸೂತ್ರ ಕಟ್ಟಿದವರಿಗೆ ಇದು ಗೊತ್ತು: ಗಂಟು ಬೆರಳಗಲ ಸರಿದರೂ ಪಟದ ನಡತೆಯೇ ಬೇರೆಯಾಗುತ್ತದೆ. ಬ್ಯಾಕ್‌ಸ್ಟೇ (ಮಾಸ್ಟನ್ನು ಹಿಂದಿನಿಂದ ಹಿಡಿದ ದಾರ) ಸಡಿಲಿಸಿ, ಫೋರ್‌ಸ್ಟೇಯನ್ನು (ಮುಂದಿನಿಂದ ಹಿಡಿದದ್ದನ್ನು) 5 ಮಿ.ಮೀ. ಕುಗ್ಗಿಸಿ, ಮತ್ತೆ ಬ್ಯಾಕ್‌ಸ್ಟೇ ಬಿಗಿಯಿರಿ. ಬಿಗಿ ಸಾಲದಿದ್ದರೆ ಜಿಬ್ಬಿನ ಮುಂಬದಿ ಜೋತುಬಿದ್ದು ದೋಣಿ ಗಾಳಿಗೆದುರು ಏರುವುದೇ ಇಲ್ಲ. ಸಾಧಾರಣ ಗಾಳಿಯಲ್ಲಿ ಗಾಳಿಗೆದುರು ಓಡುವಾಗ ಚುಕ್ಕಾಣಿಯಿಂದ ಬೆರಳು ತೆಗೆಯಿರಿ: ದೋಣಿ ನಿಧಾನವಾಗಿ ಗಾಳಿಯತ್ತ ಸರಿಯಬೇಕು, ಸರಕ್ಕನೆ ತಿರುಗಬಾರದು. ಮಾಸ್ಟ್ ಸರಿಸಿದಾಗಲೆಲ್ಲ ಕಿಕ್ಕರ್ ಮತ್ತು ಜಿಬ್ ಅಳತೆ ಎರಡೂ ಕೆಡುತ್ತವೆ, ಅವನ್ನು ಮತ್ತೆ ನೋಡದೆ ನೀರಿಗೆ ಬಿಡಬೇಡಿ. ಒಳ್ಳೆಯ ಸ್ಥಿತಿ ಸಿಕ್ಕಿದಾಗ ಬ್ಯಾಕ್‌ಸ್ಟೇ ದಾರದ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಳ್ಳಿ.

ಇನ್ನು ಮೊದಲ ಬೋಯಿಗೇ ಹಿಂದೆ ಬೀಳುವುದು. ಇದರ ಬಹುಪಾಲು ಸ್ಟಾರ್ಟಿನಲ್ಲೇ ತೀರ್ಮಾನವಾಗಿರುತ್ತದೆ. ಕೊನೆಯ ನಿಮಿಷದಲ್ಲಿ ಪ್ರತಿ 10 ಸೆಕೆಂಡಿಗೆ, ಕೊನೆಯ 10 ಸೆಕೆಂಡು ಒಂದೊಂದಾಗಿ ಎಣಿಕೆ ಕೇಳಿಸುತ್ತದೆ. ಒಂದು ಮೀಟರ್ ಉದ್ದದ ದೋಣಿ ಒಳ್ಳೆಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1.2 ಮೀಟರ್ ಹೋಗುತ್ತದೆ. ಅಂದರೆ 10 ಎಂದು ಕೇಳಿದಾಗ ನೀವು ಸ್ಟಾರ್ಟ್ ಗೆರೆಯಿಂದ 10–12 ಮೀಟರ್ ಹಿಂದೆ, ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿ (ಗಾಳಿ ದೋಣಿಯ ಬಲಬದಿಯಿಂದ ಬರುವಂತೆ), ವೇಗ ಹಿಡಿದಿರಬೇಕು. ಗಾಳಿ ಕಡಿಮೆಯಿದ್ದರೆ ಇದರ ಅರ್ಧ ದೂರ. ಗೆರೆಯ ಮೇಲೆ ಬಂದು ಹಾಯಿ ಬಿಟ್ಟು ನಿಂತವರಿಗೆ ಮತ್ತೆ ವೇಗ ಬರುವಷ್ಟರಲ್ಲಿ ಉಳಿದವರ ಹಾಯಿಗಳ ಕೆಟ್ಟ ಗಾಳಿ ಅವರ ಮೇಲೆ ಬಿದ್ದಿರುತ್ತದೆ. ನೀವು ನಿಲ್ಲುವ ಜಾಗವೂ ಮುಖ್ಯ. ಗೆರೆಯ ಎರಡೂ ಬೋಯಿಗಳು ಒಂದರ ಹಿಂದೊಂದು ಕಾಣುವಂತೆ ನಿಂತು, ಅವುಗಳ ನೇರಕ್ಕೆ ಆಚೆ ದಡದಲ್ಲಿ ಯಾವ ಮರ ಅಥವಾ ಕಂಬ ಇದೆ ಎಂದು ಗುರುತಿಟ್ಟುಕೊಳ್ಳಿ. ಬದಿಗೆ ನಿಂತು ನೋಡಿದರೆ ಗೆರೆ ದಾಟಿದ್ದೀರೋ ಇಲ್ಲವೋ ಕಣ್ಣಿಗೆ ತಿಳಿಯುವುದೇ ಇಲ್ಲ.

ದೂರದ ಬೋಯಿಗೂ ಇದೇ ಕಣ್ಣಿನ ಮೋಸ. ಹಾಯಿ ಬೋಯಿಯ ಮುಂದೆ ಹಾದುಹೋಗುವುದು ಮಾತ್ರ ಕಾಣುತ್ತದೆ, ಮಧ್ಯೆ ಒಂದು ಮೀಟರ್ ಇದೆಯೋ ಒಂದು ಗೇಣಿದೆಯೋ ಗೊತ್ತಾಗದು. ಹಾಯಿಯನ್ನು ನೋಡಬೇಡಿ. ಬೋಯಿ ನೀರಿಗೆ ತಾಗುವ ಬಿಂದುವನ್ನೂ ದೋಣಿಯ ಒಡಲು ನೀರಿಗೆ ತಾಗುವ ಗೆರೆಯನ್ನೂ ನೋಡಿ. ಯಾವುದು ನಿಮಗೆ ದೂರವೋ ಅದು ಕಣ್ಣಿಗೆ ಮೇಲೆ ಕಾಣುತ್ತದೆ. ಒಡಲಿನ ಗೆರೆ ಬೋಯಿಯ ಬುಡಕ್ಕಿಂತ ಮೇಲಿದ್ದರೆ ದೋಣಿ ಬೋಯಿಯಾಚೆ ಇದೆ, ಎರಡೂ ಒಂದೇ ಮಟ್ಟಕ್ಕೆ ಬರುತ್ತಿದ್ದರೆ ತಾಗುತ್ತದೆ. ಸ್ವಲ್ಪ ಎತ್ತರದ ದಡದ ಮೇಲೆ ನಿಂತರೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ.

ತಾಗಿತು ಅಂದರೆ ಸುಮ್ಮನಿರಬೇಡಿ. ಬೇರೆ ದೋಣಿಗಳಿಂದ ದೂರ ಸರಿದು ಕೂಡಲೇ ಒಂದು ಸುತ್ತು, ಅಂದರೆ ಒಂದು ಟ್ಯಾಕ್ (ಮೂತಿ ಗಾಳಿಯನ್ನು ದಾಟುವ ತಿರುವು), ಒಂದು ಜೈಬ್ (ಹಿಂಬದಿ ಗಾಳಿಯನ್ನು ದಾಟುವ ತಿರುವು) ಹಾಕಿ. ಬೋಯಿಯ ಸುತ್ತಲಿನ ವಲಯ ರೇಡಿಯೋ ದೋಣಿಗಳಿಗೆ ದೋಣಿಯ ಒಡಲಿನ ನಾಲ್ಕರಷ್ಟು ಉದ್ದ, ನಿಮ್ಮ ಐಓಎಂಗೆ ಸುಮಾರು 4 ಮೀಟರ್. ಅದರೊಳಗೆ ಬರುವಾಗ ಒಳಬದಿಯಲ್ಲಿ ಇನ್ನೊಂದು ದೋಣಿ ಜೋಡಿಯಾಗಿದ್ದರೆ ಜಾಗ ಬಿಡಲೇಬೇಕು. ಕೂಗುವಾಗ ಹಾಯಿ ನಂಬರಿನ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕೆಂದು ನಿಯಮವೇ ಇದೆ: 'ಒನ್ ಫೈವ್' ಅನ್ನಬೇಕು, 'ಫಿಫ್ಟೀನ್' ಅಲ್ಲ. ಗಾಳಿಯಲ್ಲಿ ಫಿಫ್ಟೀನಿಗೂ ಫಿಫ್ಟಿಗೂ ವ್ಯತ್ಯಾಸ ಕೇಳಿಸದು.

ದೋಣಿ ಇದ್ದಕ್ಕಿದ್ದಂತೆ ನಿಧಾನವಾದರೆ ಮಾತ್ರ ಹಾಯಿಯನ್ನು ದೂರಬೇಡಿ. ದೋಣಿಯ ಅಡಿಯ ಕೀಲ್‌ಗೆ (ನೀರೊಳಗಿನ ಅಲಗಿಗೆ) ಜೊಂಡು ಸಿಕ್ಕಿರಬಹುದು. ಮೂತಿಯನ್ನು ಗಾಳಿಗೆ ನೆಟ್ಟಗೆ ತಂದು ಹಾಯಿ ಪೂರ್ತಿ ಬಿಡಿ. ದೋಣಿ ಹಿಂದಕ್ಕೆ ಜಾರುವಾಗ ಜೊಂಡು ಸಾಮಾನ್ಯವಾಗಿ ಕಳಚಿಕೊಳ್ಳುತ್ತದೆ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಬಿ ರಿಗ್ ಕೊಳ್ಳಿ. ಐಓಎಂ ಕ್ಲಾಸಿನ ನಿಯಮ ಮೂರು ರಿಗ್ ಇಟ್ಟುಕೊಳ್ಳಲು ಬಿಡುತ್ತದೆ. ದೊಡ್ಡ ಹಾಯಿಯ ಮುಂಬದಿಯ ಎತ್ತರ ಎ ರಿಗ್ಗಿನಲ್ಲಿ ಸುಮಾರು 1600, ಬಿಯಲ್ಲಿ 1180, ಸಿಯಲ್ಲಿ 880 ಮಿ.ಮೀ. ಗಾಳಿ ಸುಮಾರು 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ದಾಟಿದ ಮೇಲೆ ಎ ರಿಗ್ಗನ್ನು ತಿರುಪುಗಳಿಂದ ಪಳಗಿಸುವುದು ಕಷ್ಟವಾಗತೊಡಗುತ್ತದೆ. ಗಾಳಿಗೆದುರು ಓಡುವಾಗ ಡೆಕ್ಕಿನ ಅಂಚು ಸದಾ ನೀರಿನೊಳಗಿದ್ದರೆ, ಗಾಳಿಯ ಜೊತೆ ಓಡುವಾಗ ಮೂತಿ ನೀರೊಳಗೆ ಹೂತು ದೋಣಿ ನಿಂತುಬಿಟ್ಟರೆ ರಿಗ್ ಬದಲಿಸುವ ಹೊತ್ತು ಬಂತೆಂದೇ ಅರ್ಥ. ಅಂಥ ದಿನ ಹಳೆಯ ಬಿ ಹಾಯಿ ಹೊಚ್ಚಹೊಸ ಎ ಹಾಯಿಯನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಬಿ ರಿಗ್ ಹಗುರ. ಅದನ್ನು ಹಾಕಿದಾಗಲೂ ದೋಣಿಯ ಒಟ್ಟು ತೂಕ 4000 ಗ್ರಾಂಗಿಂತ ಇಳಿಯಬಾರದು, ಕೊಂಡ ದಿನವೇ ತಕ್ಕಡಿಗೆ ಹಾಕಿ ನೋಡಿ. ಎ ಹಾಯಿಯ ಬಟ್ಟೆ ಮುದುರಿ, ಹಿಂಬದಿಯ ಅಂಚು ಕಿಕ್ಕರ್ ಸರಿಯಿದ್ದರೂ ಪಟಪಟನೆ ಬಡಿದುಕೊಳ್ಳತೊಡಗಿದಾಗ ಹೊಸದನ್ನು ತರಿಸಿ.