ಕೇಳಿ–ಹೇಳಿ: ಡ್ರಮ್ಮರ್ ಇದ್ದಾರೆ, ತಾಳ ಎಲ್ಲಿ?

ಪ್ರಶ್ನೆ: ಜಾಝ್ ಡ್ರಮ್ಮರ್ ಪಾಲ್ ಮೋಷಿಯನ್ ಅವರ 'ಐ ಹ್ಯಾವ್ ದ ರೂಮ್ ಅಬೌವ್ ಹರ್' (2005) ಆಲ್ಬಂ ಮೊಬೈಲ್‌ನಲ್ಲಿ ಕೇಳಿದೆ. ಡ್ರಮ್ಸ್ ಸರಿಯಾಗಿ ಕೇಳಿಸುವುದೇ ಇಲ್ಲ, ಕೇಳಿಸಿದರೂ ತಾಳ ಸಿಗುವುದಿಲ್ಲ. ಹಿಂದೂಸ್ತಾನಿ ಕೇಳಿ ರೂಢಿಯಾದ ಕಿವಿ ನನ್ನದು. ಎಲ್ಲಿಂದ ಹಿಡಿಯಲಿ?
— ಓದುಗರು, ಧಾರವಾಡ

ಉತ್ತರ: ಸಮ್ (ತಾಳದ ಆವರ್ತದ ಮೊದಲ ಪೆಟ್ಟು) ಹುಡುಕುವುದನ್ನು ಮೊದಲು ಬಿಡಿ. ಇಲ್ಲಿ ತಬಲಾದವರಂತೆ ಠೇಕಾ (ತಾಳದ ಸಿದ್ಧ ಪಾಠ) ಹಿಡಿಯುವವರು ಯಾರೂ ಇಲ್ಲ. ಇರುವುದು ಮೂವರೇ: ಮೋಷಿಯನ್, ಗಿಟಾರಿಗೆ ಬಿಲ್ ಫ್ರಿಜೆಲ್, ಟೆನರ್ ಸ್ಯಾಕ್ಸೊಫೋನಿಗೆ ಜೋ ಲೊವಾನೊ. ಜಾಝ್‌ನಲ್ಲಿ ನಡೆ ಕಾಯುವ ಕೆಲಸ ಸಾಮಾನ್ಯವಾಗಿ ಬಾಸ್ (ತಗ್ಗು ಸ್ವರದ ತಂತಿವಾದ್ಯ) ಮತ್ತು ಡ್ರಮ್ಸ್‌ನದು. ಈ ತಂಡದಲ್ಲಿ ಬಾಸ್ ಇಲ್ಲ, ಡ್ರಮ್ಮರ್‌ಗೆ ಆ ಚಾಕರಿ ಬೇಡ. ಹಾಗಾಗಿ ನಡೆಯೆಲ್ಲ ಹಾಡಿನ ಧಾಟಿಯೊಳಗೇ ಇರುತ್ತದೆ. ಧಾಟಿ ಗೊತ್ತಿಲ್ಲದಿದ್ದರೆ ಏನೂ ನಡೆಯುತ್ತಿಲ್ಲ ಅನ್ನಿಸುವುದು ಸಹಜ.

ಆದ್ದರಿಂದ ಆಲ್ಬಂನ ಮೊದಲ ಟ್ರ್ಯಾಕಿನಿಂದ ಶುರುಮಾಡಬೇಡಿ, ಶೀರ್ಷಿಕೆ ಹಾಡಿನಿಂದ ಮಾಡಿ. ಅದು 1936ರ 'ಶೋ ಬೋಟ್' ಸಿನಿಮಾಕ್ಕೆ ಜೆರೋಮ್ ಕರ್ನ್ ಕೂರಿಸಿದ ಧಾಟಿ. ಸಿನಿಮಾದ ಹಾಡನ್ನು ಗುನುಗಲು ಬರುವಷ್ಟು ಸಲ ಕೇಳಿ, ಆಮೇಲೆ ಈ ಮೂವರ ಬಳಿ ಬನ್ನಿ. ಮೊದಲ ಸಲ ಸ್ಯಾಕ್ಸೊಫೋನನ್ನಷ್ಟೇ ಹಿಂಬಾಲಿಸಿ. ಎರಡನೆಯ ಸಲ ಮನಸ್ಸಿನಲ್ಲೇ ಧಾಟಿ ಗುನುಗುತ್ತ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಕಡೆ ಕಿವಿ ಕೊಡಿ: ಪೆಟ್ಟಿಗಿಂತ ಅದರ ಗುಂಗು ಎಷ್ಟು ಹೊತ್ತು ಉಳಿಯುತ್ತದೆ, ಅದು ಆರುವ ಮೊದಲೇ ಇನ್ನೊಂದು ಬಿತ್ತೇ ಎಂದು ನೋಡಿ. ಸ್ನೇರ್ ಎಂಬ ಚಿಕ್ಕ ಡ್ರಮ್ ಮೇಲಿನ ಬ್ರಶ್ ಸವರಾಟ, ಸಾಲಿನ ಕೊನೆಗೋ ನಡುವಿಗೋ ಬೀಳುವ, ಕಾಲಿನಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್‌ನ ಒಂಟಿ ಪೆಟ್ಟು ಆಮೇಲೆ ತಾವಾಗಿಯೇ ಕಿವಿಗೆ ಬೀಳುತ್ತವೆ. ಡ್ರಮ್ ಸೋಲೊ ಬರುತ್ತದೆಂದು ಕಾಯಬೇಡಿ. ತಂಡದ ನಾಯಕ ಮೋಷಿಯನ್ನರೇ; ಆ ನಾಯಕತ್ವ ಕಾಣುವುದು ಅವರು ಎಲ್ಲಿ ಬಾರಿಸುವುದಿಲ್ಲ ಎಂಬುದರಲ್ಲಿ.

ಅರ್ಧ ತಪ್ಪು ಮೊಬೈಲ್‌ನದೂ ಹೌದು. ಅದರ ಪುಟಾಣಿ ಸ್ಪೀಕರಿನಲ್ಲಿ ಬಾಸ್ ಡ್ರಮ್ ಮಾಯವಾಗುತ್ತದೆ, ಫ್ಯಾನಿನ ಸದ್ದು ಬ್ರಶ್ ಸದ್ದನ್ನು ನುಂಗುತ್ತದೆ. ವೈರ್ ಇರುವ ಸಾಧಾರಣ ಹೆಡ್‌ಫೋನ್ ಸಾಕು. ಸಿಂಬಲ್ ನೀರು ಚಿಮ್ಮಿದಂತೆ 'ಸ್‌ಸ್' ಅನ್ನುತ್ತಿದ್ದರೆ ಫೈಲಿನ ಗುಣಮಟ್ಟ ಕಡಿಮೆ ಎಂದರ್ಥ. 128 ಕೆಬಿಪಿಎಸ್‌ನಂಥ, ಅಂದರೆ ತುಂಬ ಕುಗ್ಗಿಸಿದ ಎಂಪಿ3ಯಲ್ಲಿ ಮೊದಲು ಕೆಡುವುದೇ ಸಿಂಬಲ್. ಬಾಸ್ ಬೂಸ್ಟ್, ಶಫಲ್, ಕ್ರಾಸ್‌ಫೇಡ್ ಮೂರನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ಇದ್ದರಂತೂ ಒಂದು ಹಾಡಿನ ಕೊನೆಯ ಗುಂಗಿನ ಮೇಲೆ ಮುಂದಿನದು ಬಂದು ಕೂರುತ್ತದೆ. ಸ್ಯಾಕ್ಸೊಫೋನ್ ಜೋರಾದಾಗ ಕಿವಿಗೆ ಹಿತವೆನಿಸುವ ಮಟ್ಟಕ್ಕೆ ವಾಲ್ಯೂಮ್ ಇಟ್ಟು ಮುಟ್ಟದೆ ಬಿಡಿ. ಸಣ್ಣ ಸದ್ದಿನ ಕಡೆ ಏರಿಸಿದರೆ ಸಣ್ಣದು–ದೊಡ್ಡದರ ಅಂತರವೇ ಹೋಗುತ್ತದೆ, ಈ ಆಲ್ಬಂನಲ್ಲಿ ಅದೇ ತಾನೆ ಸೊಗಸು!

ಪ್ರಶ್ನೆ: ಡ್ರಮ್ಮರ್ ನಾಯಕರಾಗಿರುವ ಇಂಥ ಬೇರೆ ತಂಡಗಳಿವೆಯೇ?
— ಓದುಗರು, ಶಿವಮೊಗ್ಗ

ಉತ್ತರ: ತಾಳ ಸ್ಪಷ್ಟವಾಗಿರಬೇಕೆಂದರೆ ಚಿಕೊ ಹ್ಯಾಮಿಲ್ಟನ್ ಅವರ 1955ರ ಐವರ ತಂಡ, ಚೆಲ್ಲೊ, ಕೊಳಲು, ಗಿಟಾರ್ ಎಲ್ಲ ಇವೆ. ಈಚಿನದು ಬೇಕೆಂದರೆ ನಾರ್ವೆಯ ಥಾಮಸ್ ಸ್ಟ್ರೋನೆನ್ ಅವರ 'ಟೈಮ್ ಈಸ್ ಎ ಬ್ಲೈಂಡ್ ಗೈಡ್' (2015), ಪಿಯಾನೊ ಜೊತೆ ಪಿಟೀಲು, ಚೆಲ್ಲೊ. ಮೊದಲು ಹ್ಯಾಮಿಲ್ಟನ್ ಕೇಳಿ. ಅಲ್ಲಿ ಕಾಲು ತಾನಾಗಿ ತಾಳ ಹಾಕುತ್ತದೆ.